ಪಟ್ಟಿಯಲ್ಲಿಲ್ಲದ ಕುರ್ಚಿ

"ಅತ್ತೀ, ಏಳಬೇ. ಅದು ಹಾವೇರಿ ಡೀಸಿ ಸಾಹೇಬ್ರ ಕುರ್ಚಿ. ನಿನ್ನ ನಂಬರ ಹನ್ನೊಂದು," ಎಂದು ಹನುಮಪ್ಪ ಶೇಖವ್ವನ ತೋಳು ಹಿಡಿದು ಎಬ್ಬಿಸಿದ.

"ಸತ್ತಾಂವ ನನ್ನ ತಮ್ಮ. ನನಗ ನಂಬರ ಕೊಡ್ತೀಯೇನೋ?"

"ನಾ ಕೊಟ್ಟಿಲ್ಲಬೇ. ಕಾಕಾನ ಬರದಿಟ್ಟಾನ."

ಬರೆದಿಟ್ಟಿದ್ದು ನಿಜ. ರಾಯಭಾರಿಯಾಗಿ ನಿವೃತ್ತನಾಗಿ ಏಳು ವರ್ಷದ ಹಿಂದೆ ಬ್ಯಾಡಗಿಗೆ ಮರಳಿದ್ದ ವಿಜಯಮಹಾಂತೇಶ, ಔತಣದಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬೇಕೆಂದು ಗೊತ್ತುಮಾಡುವುದರಲ್ಲಿ ಎತ್ತಿದ ಕೈ. ತನ್ನ ಅಂತ್ಯಕ್ರಿಯೆಗೂ ನಾಲ್ಕು ಪುಟದ ಪಟ್ಟಿ ಮಾಡಿಟ್ಟು ಹೋಗಿದ್ದ. ಈಗ ಹೆಣವಾಗಿ, ಲಿಂಗಾಯತರ ರೂಢಿಯಂತೆ ವಿಭೂತಿ ಹಚ್ಚಿಸಿಕೊಂಡು, ರುಮಾಲು ಸುತ್ತಿಸಿಕೊಂಡು ಅಂಗಳದ ಕುರ್ಚಿಯಲ್ಲಿ ಕೂತಿದ್ದ. ರಾಣೆಬೆನ್ನೂರಿನಲ್ಲಿ ಬೀಜದಂಗಡಿ ಇಟ್ಟಿದ್ದ ಅಣ್ಣನ ಮಗ ಹನುಮಪ್ಪ, ಪಟ್ಟಿ ಹಿಡಿದು ಬೆಳಗಿನಿಂದ ಜನರ ಪ್ರಾಣ ತಿನ್ನುತ್ತಿದ್ದ.

ಹೆಂಡತಿ ನಿರ್ಮಲಾ ನಾಲ್ಕೂ ಪುಟವನ್ನು ಎರಡು ಸಲ ಓದಿದ್ದಳು. ಅವಳ ಹೆಸರು ಎಲ್ಲೂ ಇರಲಿಲ್ಲ. ಅಳು ಕೂಡ ಬರದಷ್ಟು ರೇಗಿಹೋಗಿತ್ತು ಅವಳಿಗೆ.

*

ಮದುವೆಯಾದ ವರ್ಷ, ನೈರೋಬಿಯಲ್ಲಿ ಅವರ ಮನೆಯ ಮೊದಲ ಔತಣ. ಮೇಜಿಗೆ ಹನ್ನೆರಡೇ ಕುರ್ಚಿ. ಕೊನೆ ಗಳಿಗೆಯಲ್ಲಿ ಮಂತ್ರಿಯೊಬ್ಬ ತನ್ನ ತಮ್ಮನನ್ನೂ ಕರೆತಂದ.

"ನೀ ಸ್ವಲ್ಪ ಅಡಗಿಮನಿ ಕಡೆ ನೋಡ್ಕೋ. ನೀ ಮನೀಯಾಕಿ, ತಪ್ಪು ತಿಳಕೊಳ್ಳಂಗಿಲ್ಲ," ಎಂದು ಗಂಡ ಕಿವಿಯಲ್ಲಿ ಹೇಳಿದ.

ಆಸೆಪಟ್ಟು ಉಟ್ಟ ಇಳಕಲ್ ಸೀರೆಯಲ್ಲೇ ಅವಳು ಒಲೆಯ ಪಕ್ಕ ನಿಂತು ಉಂಡಳು. ಆಮೇಲೆ ಆರು ದೇಶ ಬದಲಾದವು. ಕುರ್ಚಿ ಕಡಿಮೆ ಬಿದ್ದಾಗಲೆಲ್ಲ ಏಳುವವಳು ಅವಳೇ. ಊರಿಗೆ ಹೋದಮೇಲೆ ಇಬ್ಬರೂ ಜೋಡಿ ಕೂತು ಉಣ್ಣೋಣ ಎನ್ನುತ್ತಿದ್ದ. ಊರಿಗೆ ಬಂದರೆ ಪಾಸ್‌ಪೋರ್ಟು, ವೀಸಾ, ಶಿಫಾರಸು ಎಂದು ಜನ ಸರಿಯಾಗಿ ಊಟದ ಹೊತ್ತಿಗೇ ಬರುತ್ತಿದ್ದರು.

*

ಮೂರು ಗಂಟೆಯಾಯಿತು. ಮೆಣಸಿನಕಾಯಿ ಪೇಟೆಯ ಘಾಟಿಗೆ ಕೂತವರೆಲ್ಲ ಸೀನುತ್ತಿದ್ದರು.

"ಸಾಹೇಬ್ರ ಗಾಡಿ ಮೋಟೆಬೆನ್ನೂರ ಹತ್ರ ಲಾರಿ ಸಾಲಿನ್ಯಾಗ ಸಿಕ್ಕೈತಂತ. ಅವರು ಬರೂತನಕಾ ಎತ್ತಬಾರದು ಅಂತ ಕಾಕಾ ಬರದಾನ," ಎಂದ ಹನುಮಪ್ಪ.

"ಎರಡು ತಾಸಾತು, ಖಾಲಿ ಕುರ್ಚಿ ಕಾಯಾಕತ್ತೇವಿ!" ಶೇಖವ್ವ ಸಿಡಿದಳು. "ಆ ಪಟ್ಟಿಯೊಳಗ ನಿರ್ಮಲಾನ ಹೆಸರು ಎಲ್ಲೈತಿ, ತೋರ್ಸು."

ಹನುಮಪ್ಪ ಪುಟ ತಿರುವಿದ. ಮತ್ತೆ ತಿರುವಿದ. "ಕಾಕೂ ಮನೀಯಾಕಿ ಅಲ್ಲೇನಬೇ? ಆಕೀಗೆ ಯಾಕ ನಂಬರ?"

ಬಾಗಿಲ ಬಳಿ ನಿಂತಿದ್ದ ನಿರ್ಮಲಾ ಅಂಗಳಕ್ಕೆ ಇಳಿದಳು. ಸಾಹೇಬರ ಕುರ್ಚಿಗೆ ಅಂಟಿಸಿದ್ದ ಚೀಟಿ ಕಿತ್ತು, ಅದನ್ನು ಗಂಡನ ಕುರ್ಚಿಗೆ ತಾಗುವಂತೆ ಎಳೆದು ಕೂತಳು.

ಅಷ್ಟರಲ್ಲಿ ಗಾಡಿ ಬಂತು. ಹೂವಿನ ಚಕ್ರ ಹಿಡಿದು ಸಾಹೇಬರು ಒಳಗೆ ಬಂದರು.

"ಕಾಕೂ, ಸ್ವಲ್ಪ ಏಳ್ರಿ..." ಹನುಮಪ್ಪ ಅಂಗಲಾಚಿದ.

ಅಭ್ಯಾಸಬಲ, ಅವಳು ಅರ್ಧ ಎದ್ದೇಬಿಟ್ಟಳು. ಆಮೇಲೆ ಮತ್ತೆ ಕೂತಳು.

"ಅಡಗಿಮನಿಯೊಳಗ ಜಾಗಾ ಐತಿ, ಹನುಮಪ್ಪ. ಸಾಹೇಬ್ರನ್ನ ಅಲ್ಲಿ ಕುಂದರ್ಸು."

ಈಗ ಅವಳಿಗೆ ಅಳು ಬಂತು. ಸಾಹೇಬರು ಚಕ್ರ ಹಿಡಿದು ನಿಂತೇ ಇದ್ದರು. ಅವಳು ಗಂಡನ ತಣ್ಣನೆಯ ಕೈಯನ್ನು ಎತ್ತಿ, ತನ್ನ ಕುರ್ಚಿಯ ತೋಳಿನ ಮೇಲೆ ಇಟ್ಟುಕೊಂಡಳು.