ಕೆಂಪು ಗೆರೆ ದಾಟಿದ ಮುಳ್ಳು

ಆ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವ ಹುಡುಗಿಯರು ಬೆರಳೆಣಿಕೆಯಷ್ಟು. ಅವರಲ್ಲೂ ಗ್ರೀಸು ಮೆತ್ತಿದ ಕೈಯಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದವಳು ಇವಳೊಬ್ಬಳೇ. ಹಾಗಾಗಿ ಗೆಳೆಯರು ಸ್ಪ್ಯಾನರ್ ಎಂದು ಹೆಸರಿಟ್ಟರು. ಹೆಸರು ಮನೆಯವರೆಗೂ ಬಂತು. ಸಾಕಿ ಬೆಳೆಸಿದ ಚಿಕ್ಕಮ್ಮ ಅದಕ್ಕೊಂದು ಬಾಲ ಜೋಡಿಸಿ ಸ್ಪ್ಯಾನರಮ್ಮ ಮಾಡಿದಳು.

ಅಂಥ ಸ್ಪ್ಯಾನರಮ್ಮನಿಗೆ ಈಗ ಯಂತ್ರವೆಂದರೆ ಎದೆ ಝಲ್ಲೆನ್ನುತ್ತಿತ್ತು. ಓದು ಮುಗಿಸಿ ತರಬೇತಿಗೆ ಸೇರಿದ್ದ ಕಾರ್ಖಾನೆಯಲ್ಲಿ ಹಬೆಯ ಕೊಳವೆ ಸಿಡಿದು, ಜೊತೆಗೆ ಕೆಲಸ ಕಲಿಯುತ್ತಿದ್ದ ಹುಡುಗನ ತೋಳು, ಕುತ್ತಿಗೆ ಬೆಂದುಹೋದವು. ಅವನು ಬದುಕಿಕೊಂಡ. ಇವಳಿಗೆ ಒಂದು ಗೀರೂ ಆಗಲಿಲ್ಲ. ಮಾರನೆಯ ದಿನ ಗೇಟಿನವರೆಗೆ ಹೋದವಳು ಮುಂದೆ ಹೆಜ್ಜೆ ಇಡಲಾರದೆ ತಿರುಗಿ ಬಂದಳು. ಆಮೇಲೆ ಅತ್ತ ತಲೆ ಹಾಕಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಚಿಕ್ಕಮ್ಮ ಕುಕ್ಕರನ್ನು ಅಟ್ಟಕ್ಕೇರಿಸಿ, ತೆರೆದ ಪಾತ್ರೆಯಲ್ಲೇ ಬೇಯಿಸತೊಡಗಿದಳು.

ಎಷ್ಟು ದಿನ ಅಂತ ಹೀಗೆ ಕೂರುವುದು? ಔಷಧಿ ಅಂಗಡಿಯ ಮಹಡಿ ಮೇಲೆ, ಎಂಜಿನಿಯರಿಂಗ್ ಓದಿದವರಿಗೆ ಹಣಕಾಸಿನ ಕಡೆ ಕೆಲಸ ಹುಡುಕಲು ನೆರವಾಗುವ ಕೇಂದ್ರವೊಂದಿತ್ತು. ಅದನ್ನು ನಡೆಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ. ಕನ್ನಡಕವನ್ನು ಕೂದಲ ಮೇಲೇರಿಸಿಕೊಂಡು, ಅದನ್ನೇ ಮೇಜಿನ ತುಂಬ ಹುಡುಕುವ ಹೆಂಗಸು.

“ನಿಂಗೆ ಲೆಕ್ಕ ಬರುತ್ತೆ, ಒಂದು ವಸ್ತು ಯಾಕೆ ಕೆಡುತ್ತೆ ಅಂತ ಯೋಚನೆ ಮಾಡೋಕೆ ಬರುತ್ತೆ. ಹಣಕಾಸಿನವ್ರಿಗೆ ಬೇಕಿರೋದೂ ಅದೇ,” ಎಂದರು ಮೇಡಂ. “ಷೇರು ವಿಶ್ಲೇಷಣೆ ಇದೆ, ವಿಮೆ ಇದೆ, ಕಂಪನಿಗಳಿಗೆ ಸಾಲ ಕೊಡೋ ಮುಂಚೆ ತೂಗಿ ನೋಡೋ ಕೆಲಸ ಇದೆ. ನಿಂಗೆ ಯಾವುದು ಬೇಕು?”

“ಕುರ್ಚಿ ಬಿಟ್ಟು ಏಳಬೇಕಾಗಿಲ್ಲದ್ದು.”

“ಅಂಥದ್ದು ಸಿಕ್ರೆ ನಂಗೂ ಹೇಳಮ್ಮ,” ಎಂದು ಮೇಡಂ ನಕ್ಕರು.

ಕಲಿಕೆ ಅವಳಿಗೆ ಹಿಡಿಸಿತು. ಕಂಪನಿಯೂ ಒಂದು ಯಂತ್ರವೇ. ದುಡ್ಡು ಎಲ್ಲಿಂದ ಒಳಬರುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡುವಾಗ ಬೆರಳುಗಳಿಗೆ ಹಳೆಯ ಹುರುಪು ಬಂದಂತಾಗುತ್ತಿತ್ತು. ಅಣಕು ಸಂದರ್ಶನಗಳಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. “ಕಾರ್ಖಾನೆ ಯಾಕೆ ಬಿಟ್ರಿ?” ಎಂದು ಕೇಳಿದಾಗ ಮಾತ್ರ ಮೇಡಂ ಕಲಿಸಿಕೊಟ್ಟ ಉತ್ತರ ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ಬ್ಯಾಂಕಿನ ಕೈಗಾರಿಕಾ ಸಾಲದ ವಿಭಾಗದಿಂದ ಕರೆ ಬಂತು. ಮೊದಲ ಸುತ್ತುಗಳು ಹೂವೆತ್ತಿದಂತೆ ಮುಗಿದವು. ಯಾರೂ ಆ ಪ್ರಶ್ನೆ ಕೇಳಲಿಲ್ಲ. ಚಿಕ್ಕಮ್ಮ ಆಗಲೇ ಅವಳಿಗೆ ಹೊಸ ಅಂಗಿಯ ಅಳತೆ ತೆಗೆಯುತ್ತಿದ್ದಳು. ಆಗ ಬ್ಯಾಂಕಿನವರು ಫೋನು ಮಾಡಿ, ಕೊನೆಯ ಸುತ್ತು ಆಫೀಸಿನಲ್ಲಲ್ಲ, ಸಾಲ ಕೇಳಿರುವ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಕ್ಕೆ ಹಿರಿಯ ಅಧಿಕಾರಿಯ ಜೊತೆ ಹೋಗಿ ನೋಡಿ ಬರಬೇಕು ಎಂದರು.

ಬಟ್ಟೆಗೆ ಬಣ್ಣ ಕಟ್ಟಲು ಹಬೆ ಬೇಕು. ಹಬೆಗೆ ಬಾಯ್ಲರ್ ಬೇಕು.

“ನಾನು ಹೋಗಲ್ಲ ಮೇಡಂ,” ಎಂದಳು ಫೋನಿನಲ್ಲಿ. ಮೊದಲ ಸಲ ಎಲ್ಲವನ್ನೂ ಹೇಳಿದಳು.

ಮೇಡಂ ಎಲ್ಲ ಕೇಳಿಸಿಕೊಂಡು ಹೇಳಿದರು: “ಬೇಡ ಅಂದ್ರೆ ಬಿಡು, ಬೇರೆ ಹುಡುಕೋಣ. ನಾನೇನೂ ಬಲವಂತ ಮಾಡಲ್ಲ. ಆದ್ರೆ ಹೆದರಿಕೆಗೆ ಕೂರೋಕೆ ಜಾಗ ಕೊಟ್ರೆ ಅದು ಚಾಪೆ ಹಾಸ್ಕೊಂಡು ಮಲಗುತ್ತೆ ಕಣೇ.”

ಅವಳು ಹೋದಳು. ಧೈರ್ಯ ಬಂದಿತ್ತು ಅಂತಲ್ಲ. ಹೊಲಿಗೆ ಯಂತ್ರದ ಮುಂದೆ ಹೊಸ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಚಿಕ್ಕಮ್ಮನಿಗೆ, ನಾನು ಹೋಗಲ್ಲ ಎಂದು ಹೇಗೆ ಹೇಳಬೇಕೆಂದು ಅವಳಿಗೆ ತೋಚಲಿಲ್ಲ, ಅಷ್ಟೇ.

ಹಿರಿಯ ಅಧಿಕಾರಿ ಮಿತಭಾಷಿ. ಕಾರ್ಖಾನೆಯ ಮಾಲೀಕ ಅದಕ್ಕೆ ತದ್ವಿರುದ್ಧ; ಬಣ್ಣದ ತೊಟ್ಟಿಗಳನ್ನು ಮಕ್ಕಳನ್ನು ಪರಿಚಯಿಸುವಂತೆ ತೋರಿಸುತ್ತ ನಡೆದ. ನೀಲಿ ನೀರು ಚರಂಡಿಯಲ್ಲಿ ಹರಿಯುತ್ತಿತ್ತು. ಅವಳು ಉಸಿರು ಎಣಿಸುತ್ತ ಹಿಂದೆ ಹಿಂದೆ ಹೋದಳು. ಕೊನೆಗೆ ಕಬ್ಬಿಣದ ಬಾಗಿಲು ತೆರೆಯಿತು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಅದೇ ವಾಸನೆ, ಅದೇ ಗುಂಯ್‌ಗುಡುವ ಸದ್ದು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಅಲ್ಲಿಂದಲೇ ಕಂಡಿತು: ಒತ್ತಡ ತೋರಿಸುವ ಮಾಪಕದ ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು.

ಒತ್ತಡ ಮಿತಿ ಮೀರಿದರೆ ಬಾಯ್ಲರಿನ ಮೇಲಿನ ಸುರಕ್ಷತಾ ಕವಾಟ ತಾನಾಗಿ ತೆರೆದು, ಕಿವಿ ಕಿತ್ತುಹೋಗುವಂತೆ ಹಬೆ ಹೊರನುಗ್ಗಬೇಕು. ಇಲ್ಲಿ ಅಂಥ ಸದ್ದೇ ಇಲ್ಲ. ಹಾಗಾದರೆ ಕವಾಟ ಕಚ್ಚಿಕೊಂಡಿದೆಯೇ? ಬಾಯ್ಲರಿನವನು ಗೋಡೆಗೊರಗಿ ಕಿವಿ ಕೆರೆದುಕೊಳ್ಳುತ್ತಿದ್ದ. ಮಾಲೀಕ ಮುಂದಿನ ವರ್ಷದ ಲಾಭದ ಮಾತಾಡುತ್ತಿದ್ದ. ಅಧಿಕಾರಿ ತಲೆಯಾಡಿಸುತ್ತಿದ್ದರು. ತನ್ನ ಕಣ್ಣೇ ಸುಳ್ಳು ಹೇಳುತ್ತಿದೆಯೇ? ಅವತ್ತೂ ಹೀಗೇ ಆಗಿತ್ತು. ಕೊಳವೆಯ ಕೀಲು ಅದುರುತ್ತಿರುವುದನ್ನು ನೋಡಿ, ದೊಡ್ಡವರೆಲ್ಲ ಸುಮ್ಮನಿದ್ದಾರಲ್ಲ ನನಗೇಕೆ ಎಂದು ಬಾಯಿ ಮುಚ್ಚಿಕೊಂಡಿದ್ದಳು.

“ಬೆಂಕಿ ಆರಿಸಿ!” ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಕಿರುಚಿದಳು: “ಬೆಂಕಿ ಆರ್ಸಿ! ಎಲ್ರೂ ಆಚೆ ಬನ್ನಿ! ಮುಳ್ಳು ನೋಡ್ರಿ, ಮುಳ್ಳು!”

“ಅದು ಯಾವಾಗ್ಲೂ ಹಂಗೇ ಇರುತ್ತಮ್ಮ,” ಎಂದ ಬಾಯ್ಲರಿನವನು.

“ಆರ್ಸೋ ಮಾರಾಯ, ನಿನ್ನ ಕಾಲು ಹಿಡ್ಕೋತೀನಿ!”

ಅವಳ ಮುಖ ನೋಡಿ ಅವನಿಗೂ ಏನನ್ನಿಸಿತೋ, ಬೆಂಕಿಗೆ ಹೋಗುವ ಎಣ್ಣೆ ನಿಲ್ಲಿಸಿ ಓಡಿ ಬಂದ. ಎಲ್ಲರೂ ಅಂಗಳದ ಆಚೆ ತುದಿಗೆ ಹೋಗಿ ನಿಂತರು. ಅವಳು ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಕಿವಿ ಮುಚ್ಚಿಕೊಂಡು ಕಾದಳು. ಒಂದು ಕಾಗೆ ಬಂದು ಹೊಗೆ ಕೊಳವೆಯ ಮೇಲೆ ಕುಳಿತು, ಬೇಸರವಾಗಿ ಹಾರಿಹೋಯಿತು. ಮತ್ತೇನೂ ಆಗಲಿಲ್ಲ.

ತುಂಬ ಹೊತ್ತಾದ ಮೇಲೆ ಬಾಯ್ಲರಿನವನು ಹಣಿಕಿ ನೋಡಿ ಬಂದ. ಬಾಯ್ಲರ್ ತಣ್ಣಗಾಗುತ್ತ ಬಂದಿತ್ತು. ಮುಳ್ಳು ಮಾತ್ರ ಕೆಂಪು ಬಿಟ್ಟು ಕದಲಿರಲಿಲ್ಲ. ಕೆಟ್ಟಿದ್ದದ್ದು ಮಾಪಕ. ಕವಾಟ ಎತ್ತಿ ನೋಡಿದರೆ ಅದು ಚೆನ್ನಾಗಿಯೇ ಇತ್ತು.

“ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು,” ಎಂದು ಮಾಲೀಕ ಹಲ್ಲು ಕಡಿದ. “ತೊಟ್ಟೀಲಿದ್ದ ಅಷ್ಟೂ ಬಟ್ಟೆ ಹಾಳು. ಇಂಥವರನ್ನ ಯಾಕ್ರೀ ಕರ್ಕೊಂಡು ಬರ್ತೀರಿ?” ಕೆಲಸಗಾರರು ಮುಸಿಮುಸಿ ನಕ್ಕರು. ಹೊಸ ಅಂಗಿಯ ಮೊಣಕೈಗೆ ನೀಲಿ ಬಣ್ಣ ಮೆತ್ತಿತ್ತು. ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ವಾಪಸ್ಸು ಬರುವಾಗ ಕಾರಿನಲ್ಲಿ ಅಧಿಕಾರಿ ಕೇಳಿದರು, “ಹಿಂದಿನ ಕಾರ್ಖಾನೆ ಯಾಕೆ ಬಿಟ್ರಿ?”

ಕಲಿಸಿಕೊಟ್ಟ ಉತ್ತರ ನೆನಪಿಗೇ ಬರಲಿಲ್ಲ. “ಹೆದರಿಕೆ ಸರ್,” ಎಂದಳು. “ಇವತ್ತೂ ಅದೇ. ಕ್ಷಮಿಸಿ.”

ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. “ಆ ಮುಳ್ಳು ನಾನೂ ನೋಡಿದ್ದೆ,” ಎಂದರು. “ಹೋದ ಸಲ ಬಂದಾಗ್ಲೂ ನೋಡಿದ್ದೆ. ಯಾರೂ ಏನೂ ಅಂತಿಲ್ಲವಲ್ಲ ಅಂತ ಕಾಫಿ ಕುಡಿದು ಎದ್ದು ಬಂದಿದ್ದೆ.” ಕೈ ಎತ್ತಿ ಹಣೆ ಒರೆಸಿಕೊಂಡರು. “ಒಂದಲ್ಲ ಒಂದು ದಿನ ಅದು ನಿಜವನ್ನೇ ಹೇಳಿದ್ರೆ ಯಾರು ನಂಬ್ತಿದ್ರು?”

ಹೊಸ ಮಾಪಕ ಕೂರಿಸುವವರೆಗೆ ಆ ಕಾರ್ಖಾನೆಗೆ ಸಾಲವಿಲ್ಲ ಎಂದಿತು ಬ್ಯಾಂಕು. ಅವಳಿಗೆ ಕೆಲಸ ಸಿಕ್ಕಿತು. ಸುದ್ದಿ ಕೇಳಿ ಮೇಡಂ, “ಕುರ್ಚಿ ಕೊಡ್ತಾರೆ ತಾನೆ?” ಎಂದರು. ಕೊಟ್ಟರು, ಆದರೆ ಅದರಲ್ಲಿ ಕೂತದ್ದು ಕಡಿಮೆ. ಕಾಗದದ ಗಿರಣಿ, ಎಣ್ಣೆ ಗಿರಣಿ, ಐಸಿನ ಕಾರ್ಖಾನೆ ಎಂದು ಸುತ್ತಾಟ. ಹೆದರಿಕೆ ಹೋಯಿತು ಎಂದರೆ ಸುಳ್ಳಾದೀತು. ಪ್ರತಿ ಬಾಗಿಲಲ್ಲೂ ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. “ಬಾಗಿಲು ತೆರೆದೇ ಇರಲಿ,” ಎಂದು ಜೊತೆಗಿದ್ದವರಿಗೆ ಹೇಳಿ, ಅವಳು ಒಳಗೆ ಹೋಗುತ್ತಾಳೆ.