ಜೋಗುಳದ ಬ್ಯಾಂಡ್

ಆ ಬ್ಯಾಂಡ್ ಕೆಟ್ಟುಹೋಯಿತು ಎಂದು ಮನೆಯಲ್ಲಿ ಮೊದಲು ಸಾರಿದವಳು ನಾನೇ. ಮೈನವಿರೇಳಿಸುತ್ತಿದ್ದ ಹಾಡುಗಳು ಹೊಸ ಆಲ್ಬಮ್‌ನಲ್ಲಿ ಹತ್ತಿ ಸುತ್ತಿದಂತೆ ಮೆತ್ತಗಾಗಿದ್ದವು. ಕಿವಿ ಕೊರೆಯುವ ಗಿಟಾರ್ ಇಲ್ಲ, ಸಿಂಬಲ್‌ಗಳ ಝಣಝಣ ಇಲ್ಲ. ಇವರು ಜೋಗುಳ ಹಾಡಲು ಹೊರಟಿದ್ದಾರೆ ಎಂದು ಮೂಗು ಮುರಿದೆ. ತಮ್ಮ ನನಗಿಂತ ಒಂದು ಕೈ ಮೇಲು. ನಮ್ಮೂರಿನಲ್ಲಿ ನಡೆಯಲಿದ್ದ ಅವರ ಕಾರ್ಯಕ್ರಮದಲ್ಲಿ ಎಲ್ಲರೂ ಸೇರಿ ಕೂಗಬೇಕೆಂದು ಗೆಳೆಯರನ್ನೆಲ್ಲ ಹುರಿದುಂಬಿಸಿದ. 'ಜೋಗುಳ ಸಾಕು' ಎಂಬ ಘೋಷಣೆ ಹೊಸೆದುಕೊಟ್ಟ ಘನಕಾರ್ಯವೂ ನನ್ನದೇ.

ಆಸ್ಪತ್ರೆಯಲ್ಲಿ ನನ್ನ ಕೆಲಸ ಕಿವಿ ಪರೀಕ್ಷೆ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂತವರು ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಕಾರ್ಯಕ್ರಮದ ಹಿಂದಿನ ದಿನ ಅಲ್ಲಿ ಬಂದು ಕೂತವರು ಅದೇ ಬ್ಯಾಂಡಿನ ಡ್ರಮ್ಮರ್. ಗಡಿಬಿಡಿಯಲ್ಲೇ ಪರೀಕ್ಷೆ ಶುರುಮಾಡಿದೆ. ಅವರು ಒಂದನ್ನೂ ಬಿಡದೆ ಗುಂಡಿ ಒತ್ತಿದರು. ಏನೋ ಅನುಮಾನ ಬಂದು ಸದ್ದು ನಿಲ್ಲಿಸಿದೆ. ಆಗಲೂ ಒತ್ತಿದರು. ಗಾಬರಿಯಲ್ಲಿ ನಾನು ಸಮ ಅಂತರದಲ್ಲಿ ಸದ್ದು ಕೊಡುತ್ತಾ ಹೋಗಿದ್ದೆ. ಅವರ ಬೆರಳು ತಾನಾಗಿ ತಾಳ ಹಿಡಿದುಬಿಟ್ಟಿತ್ತು. ಲಯ ತಪ್ಪಿಸಿ ಮತ್ತೆ ಪರೀಕ್ಷಿಸಿದೆ. ಗಿಟಾರ್, ಸಿಂಬಲ್‌ಗಳಂಥ ಎತ್ತರದ ಸ್ಥಾಯಿಯ ಸದ್ದು ಒಂದೂ ಅವರಿಗೆ ಕೇಳುತ್ತಿರಲಿಲ್ಲ. ಜನ ಮಾತಾಡಿದರೆ ಗದ್ದಲ ಮಾತ್ರ ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎಂದು ಅವರೇ ಒಪ್ಪಿಕೊಂಡರು.

"ಹುಡುಗ್ರು ನನಗೋಸ್ಕರ ಹಾಡನ್ನೇ ಬದಲಾಯಿಸ್ಬಿಟ್ರಮ್ಮ. ನಿಮಗೆ ಕೇಳೋ ಸದ್ದಷ್ಟೇ ಸಾಕು ಅಂದ್ರು. ಜನಕ್ಕೆ ಹಿಡಿಸ್ತೋ ಇಲ್ವೋ."

ತುಂಬಾ ಹಿಡಿಸಿದೆ ಎಂದು, ಅವರಿಗೆ ತಿಳಿಯಲೆಂದು ತುಟಿ ಬಿಡಿಸಿ ಹೇಳಿದೆ. ನಾಲಗೆ ಹೇಗೆ ಹೊರಳಿತೋ ಕಾಣೆ.

ಮನೆಗೆ ಬಂದು ತಮ್ಮನನ್ನು ಗೋಗರೆದೆ, ಕೂಗುವುದು ಬೇಡ ಎಂದು. ಯಾಕೆ ಎಂದ. ರೋಗಿಯ ಗುಟ್ಟು ಹೊರಗೆ ಹಾಕುವಂತಿಲ್ಲ, ಬಾಯಿಗೆ ಬೀಗ.

"ನೀನೇ ತಾನೆ ಅಕ್ಕ ಹೇಳ್ಕೊಟ್ಟಿದ್ದು?" ಎಂದು ಅವನು ನಕ್ಕ.

ಮರುದಿನ ಮೊದಲ ಹಾಡು ಮುಗಿದದ್ದೇ ತಡ, ಅವನ ಗುಂಪು 'ಜೋಗುಳ ಸಾಕು' ಎಂದು ಕೂಗಲು ಶುರುಮಾಡಿತು, ಇಡೀ ಸಭಾಂಗಣ ದನಿಗೂಡಿಸಿತು. ಹಾಡುಗಾರ ತಲೆ ತಗ್ಗಿಸಿದ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಡ್ರಮ್ಮರ್ ಮಾತ್ರ ಆ ಗದ್ದಲಕ್ಕೆ ಕಿವಿಗೊಟ್ಟು, ಮುಂದಿನ ಸಾಲಿನಲ್ಲಿದ್ದ ನನ್ನ ಗುರುತು ಹಿಡಿದು, ಏನಂತೆ ಎಂದು ಹುಬ್ಬು ಹಾರಿಸಿದರು.

ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಅವರ ಮುಖ ಅರಳಿತು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಕೂಗುತ್ತಲೇ ಇದ್ದ ಆ ಜನಕ್ಕೆ ತಲೆಬಾಗಿ ನಮಸ್ಕರಿಸಿದರು.