ಜೋಕಾಲಿಯ ಕೈಯಲ್ಲಿ ಚೆಂಡು

"ಹೋಯ್ತು. ಮತ್ತೆ ಹೋಯ್ತು," ಎಂದು ತಕ್ಕಡಿ ರಿಪೇರಿಯವರು ಹಣೆ ಚಚ್ಚಿಕೊಂಡರು. ಕಂಪ್ಯೂಟರಿನ ಪರದೆಯ ಮೇಲೆ ಪಿಚರ್ ಎಸೆದ ಚೆಂಡು, ಹಿಡಿಯುವವನ ತಲೆಯ ಮೇಲಿಂದ ಹಾರಿ ಹಿಂದಿನ ಬೇಲಿಗೆ ಬಡಿದಿತ್ತು. ಬೇಸ್‌ಬಾಲಿನಲ್ಲಿ ಪಿಚರ್ ನಾಲ್ಕು ಸಲ ಗುರಿ ತಪ್ಪಿದರೆ ಎದುರಾಳಿ ಬ್ಯಾಟು ಬೀಸದೆಯೇ ಒಂದು ನೆಲೆ ಮುಂದೆ ಹೋಗುತ್ತಾನೆ. ಹಾಗೆ ಪುಕ್ಕಟೆಯಾಗಿ ಹೋದವರೇ ಆಗಲೇ ಮೂರು ನೆಲೆಗಳಲ್ಲೂ ತುಂಬಿಕೊಂಡಿದ್ದರು. ಈಗ ಇವನೊಬ್ಬ ಹೊರಟು, ಮೂರನೆಯ ನೆಲೆಯಲ್ಲಿದ್ದವನನ್ನು ಕೊನೆಯ ನೆಲೆಯಾದ ‘ಮನೆ’ಗೆ ತಳ್ಳಿ, ಅವರಿಗೊಂದು ಓಟ ಧರ್ಮಕ್ಕೆ ಸಿಕ್ಕಿತು.

"ಮೊನ್ನೆ ಇದೇ ಕೈ ತಾನೇ ನಿಂದು? ಮೊನ್ನೆ ಒಬ್ಬನಿಗೂ ಚೆಂಡು ಮುಟ್ಟೋಕೆ ಬಿಡ್ಲಿಲ್ಲ. ಇವತ್ತೇನು ಬಂತು ನಿಂಗೆ, ದಂಡಪಿಂಡ?"

ಒಳಗೆ ಅಡುಗೆಮನೆಯಲ್ಲಿ ಹೆಂಡತಿಯ ಕೈಯಲ್ಲಿದ್ದ ಪಾತ್ರೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಕಂಪ್ಯೂಟರು ಮಗನದು. ಮಗ ಹೋಗಿ ವರ್ಷ ತುಂಬುತ್ತ ಬಂದಿತ್ತು. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿ ಬಂದಾಗ ಅವನ ಕೋಣೆಯಲ್ಲಿ ಕೂತು, ಕಣ್ಣು ಮುಚ್ಚಿ ದೇವರನ್ನು ನೆನೆದು, ಒಂದೇ ಒಂದು ಪಂದ್ಯ ನೋಡುವುದು ಇವರ ರೂಢಿಯಾಗಿತ್ತು. ಅದು ಕಂಪ್ಯೂಟರಿನ ಆಟ, ಆಡುವುದೆಲ್ಲ ಯಂತ್ರವೇ. ಮ್ಯಾನೇಜರ್ ಆದವನು ಯಾರು ಎಸೆಯಬೇಕು, ಯಾರು ಹೊಡೆಯಬೇಕು ಎಂದು ಆರಿಸಿ ಬಿಡಬೇಕು, ಆಮೇಲೆ ಕೂತು ಬಯ್ಯಬೇಕು, ಅಷ್ಟೆ. ಮಗ ಒಂದು ಋತುವಿನ ಪಂದ್ಯಾವಳಿಯನ್ನು ಅರ್ಧ ಆಡಿಸಿ ಬಿಟ್ಟುಹೋಗಿದ್ದ. ಇವರು ಅಲ್ಲಿಂದ ಎತ್ತಿಕೊಂಡಿದ್ದರು.

ತಂಡದ ಒಳ್ಳೆಯ ಪಿಚರ್ ಎಂದರೆ ಆ ಉದ್ದನೆಯ ಹುಡುಗನೊಬ್ಬನೇ. ಇವರು ಅವನಿಗೆ ಜೋಕಾಲಿ ಎಂದು ಹೆಸರಿಟ್ಟಿದ್ದರು. ಮುಂದೆ ಹೋದರೆ ಆಕಾಶ, ಹಿಂದೆ ಬಂದರೆ ಗೋಡೆ. ಯಾವ ದಿನ ಯಾವುದು ಎಂದು ಹೇಳಲು ಬ್ರಹ್ಮನಿಂದಲೂ ಆಗದು. ಜೀವಮಾನವೆಲ್ಲ ತಕ್ಕಡಿ ಸರಿಮಾಡಿದವರಿಗೆ ಇದು ಅನ್ನದಲ್ಲಿ ಕಲ್ಲು ಸಿಕ್ಕಂತೆ. ಒಂದೇ ತೂಕದ ಬಟ್ಟನ್ನು ಹತ್ತು ಸಲ ಇಟ್ಟರೆ ಮುಳ್ಳು ಹತ್ತು ಸಲವೂ ಒಂದೇ ಕಡೆ ನಿಲ್ಲಬೇಕು. ಹಗುರವಾಗಿಯೇ ತೋರಿಸಲಿ, ಭಾರವಾಗಿಯೇ ತೋರಿಸಲಿ, ದಿನಾ ಒಂದೇ ತಪ್ಪು ಮಾಡುವ ತಕ್ಕಡಿಯನ್ನು ದಾರಿಗೆ ತರಬಹುದು. ದಿನಕ್ಕೊಂದು ತಪ್ಪು ಮಾಡುವುದನ್ನು ಏನು ಮಾಡುವುದು?

ಈ ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ತಂಡದ ಧಣಿಯದೊಂದು ಎಚ್ಚರಿಕೆ ಪರದೆಯ ಮೂಲೆಯಲ್ಲಿ ಕೆಂಪಗೆ ಕೂತಿತ್ತು: ಈ ಸಲ ತಂಡ ಅಂತಿಮ ಸುತ್ತಿಗೆ ಬರದಿದ್ದರೆ ಮ್ಯಾನೇಜರನ್ನು ಕೆಲಸದಿಂದ ತೆಗೆಯಲಾಗುವುದು. ಕೆಳಗೆ ಮ್ಯಾನೇಜರಿನ ಹೆಸರು. ಅದು ಮಗನ ಹೆಸರು.

ಮಗನನ್ನು ಕೆಲಸದಿಂದ ತೆಗೆಯುವುದು ಈ ಮನೆಗೆ ಹೊಸತಲ್ಲ. ಛಾಪಖಾನೆಯವರು ತೆಗೆದರು, ಲಾರಿ ಆಫೀಸಿನವರು ತೆಗೆದರು, ಔಷಧದಂಗಡಿಯವನು ಕೂರಿಸಿ ಚಹಾ ಕೊಟ್ಟು ತೆಗೆದ. ಮಗ ಕೆಲಸಕ್ಕೆ ಕೂತ ದಿನ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ. ಇಲ್ಲದ ದಿನ ಹಾಸಿಗೆಯಿಂದ ಏಳುತ್ತಿರಲಿಲ್ಲ. ಅಪ್ಪ ಈ ಕೋಣೆಯ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು. ಅಮ್ಮ ಹಿಂದೆ ಬಂದು, "ಇರ್ಲಿ ಬಿಡಿ, ಇನ್ನೊಂದು ಸಲ ನೋಡೋಣ," ಎನ್ನುತ್ತಿದ್ದಳು. ಈಗ ಸತ್ತ ಮೇಲೂ ಅವನನ್ನು ಇನ್ನೊಬ್ಬ ಧಣಿ ಮನೆಗೆ ಕಳಿಸುವುದನ್ನು ಕಣ್ಣಾರೆ ನೋಡಲಾರೆ ಎಂದು ತಕ್ಕಡಿಯವರು ನಿಶ್ಚಯಿಸಿಬಿಟ್ಟಿದ್ದರು.

ಮಗಳು ರಜೆಯ ದಿನ ಬಂದಾಗ ಅಪ್ಪನ ಗೋಳು ಕೇಳಿ ನಕ್ಕಳು. ಪರದೆಯಲ್ಲಿ ಎಲ್ಲೋ ಎರಡು ಕಡೆ ಒತ್ತಿ ಒಂದು ಕಿಟಕಿ ತೆರೆದು ತೋರಿಸಿದಳು. ಅಲ್ಲಿ ಜೋಕಾಲಿಯ ಜಾತಕವೆಲ್ಲ ಅಂಕಿಗಳಲ್ಲಿ ಇತ್ತು. ವೇಗಕ್ಕೆ ತೊಂಬತ್ತೈದು. ಸ್ಥಿರತೆಗೆ ಇಪ್ಪತ್ತು.

"ಇದನ್ನ ಎಂಬತ್ತು ಮಾಡಿದ್ರೆ ಮುಗೀತು. ಇದೇ ಅಲ್ವಾ ಅಪ್ಪ ನೀನು ದಿನಾ ಮಾಡೋ ಕೆಲಸ?"

ತಕ್ಕಡಿಯವರಿಗೆ ಇರಿಸುಮುರಿಸಾಯಿತು. ವ್ಯಾಪಾರಿಗಳು ಮೊಹರು ಒಡೆದು ಮುಳ್ಳನ್ನು ಒಂದಿಷ್ಟು ಆಚೆ ಸರಿಸಿಕೊಡಿ ಎಂದು ಪುಸಲಾಯಿಸಿದಾಗಲೆಲ್ಲ ಅವರನ್ನು ಅಂಗಡಿಯ ಮೆಟ್ಟಿಲು ಇಳಿಸಿದವರು ಇವರು. ಮಗಳು ಹೋದ ಮೇಲೆ ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತ ಕೂತರು. ಇದು ಮೋಸವಲ್ಲ, ಸಡಿಲಾದ ಸ್ಪ್ರಿಂಗನ್ನು ಬಿಗಿ ಮಾಡುವುದಷ್ಟೆ ಎಂದು ತಮಗೆ ತಾವೇ ಹೇಳಿಕೊಂಡರು. ದೇವರಿಗೂ ಹೇಳಿದರು. ಆಮೇಲೆ ಇಪ್ಪತ್ತನ್ನು ಎಂಬತ್ತು ಮಾಡಿದರು.

ಜೋಕಾಲಿ ನಿಂತುಹೋಯಿತು. ಪಿಚರ್ ಬರುವುದು, ಎಸೆಯುವುದು, ಹೋಗುವುದು. ಚೆಂಡು ಹೇಳಿದಲ್ಲಿಗೆ ಹೋಗುತ್ತಿತ್ತು. ಬೇಲಿಗೆ ಬಡಿಯುತ್ತಿರಲಿಲ್ಲ, ಎದುರಾಳಿಯನ್ನು ಬೆಪ್ಪಾಗಿಸುವಂಥ ಒಂದು ಎಸೆತವೂ ಕಾಣುತ್ತಿರಲಿಲ್ಲ. ತಂಡ ಗೆಲ್ಲುತ್ತ ಹೋಯಿತು. ಕೆಂಪು ಎಚ್ಚರಿಕೆ ಹಳದಿಯಾಯಿತು. ಇನ್ನೊಂದೇ ಪಂದ್ಯ, ಅದನ್ನು ಗೆದ್ದರೆ ಅಂತಿಮ ಸುತ್ತು, ಮಗನ ಕೆಲಸ ಭದ್ರ. ತಕ್ಕಡಿಯವರು ಕೈಕಟ್ಟಿ ಕೂತು ನೋಡುತ್ತಿದ್ದರು. ಎರಡು ಸಲ ಕೂತಲ್ಲೇ ತೂಕಡಿಸಿದರು.

ಕೊನೆಯ ಪಂದ್ಯದ ದಿನ ಊಟ ಬಡಿಸುತ್ತ ಹೆಂಡತಿ ಕೇಳಿದಳು, "ಏನ್ರೀ, ಮೈ ಹುಷಾರಿಲ್ವಾ?"

"ನಂಗೇನಾಗಿದೆ? ಗೆಲ್ತಾ ಇದ್ದೀವಿ."

"ಈಚೆಗೆ ಸದ್ದೇ ಇಲ್ಲ ನಿಮ್ದು."

"ಬಯ್ದರೆ ಯಾಕೆ ಬಯ್ತೀರಿ ಅಂತೀಯ. ಸುಮ್ಮನಿದ್ರೆ ಹುಷಾರಿಲ್ವಾ ಅಂತೀಯ. ನಾನೇನು ಮಾಡ್ಲಿ ಹೇಳು."

ಅವಳು ಸಾರಿನ ಪಾತ್ರೆ ಕೆಳಗಿಟ್ಟು ಮುಚ್ಚಳ ಮುಚ್ಚಿದಳು. "ಏನೂ ಮಾಡ್ಬೇಡಿ. ಆ ರೂಮಲ್ಲಿ ಯಾರೂ ಇಲ್ಲ ಅನ್ಸುತ್ತೆ ನಂಗೆ, ಅಷ್ಟೇ," ಎಂದು ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು.

ತಕ್ಕಡಿಯವರು ಕೋಣೆಗೆ ಬಂದು ಕೂತರು. ಮಗನ ಮಂಚ ಹಾಸಿದ್ದು ಹಾಸಿದಂತೆಯೇ ಇತ್ತು. ಗೋಡೆಯಲ್ಲಿ ಅವನು ತಲೆ ಒರಗಿಸುತ್ತಿದ್ದ ಕಡೆ ಎಣ್ಣೆಯ ಕಲೆ. ಪಂದ್ಯ ಸಿದ್ಧವಾಗಿತ್ತು, ಒತ್ತುವುದೊಂದೇ ಬಾಕಿ. ಅವರು ಒತ್ತಲಿಲ್ಲ. ಮಗಳು ತೋರಿಸಿದ ಕಿಟಕಿಯನ್ನು ತಡವರಿಸುತ್ತ ಹುಡುಕಿ ತೆರೆದರು. ಧಣಿಯ ಮಾತು ಇನ್ನೂ ಹಳದಿಯಾಗಿಯೇ ಇತ್ತು, ಅದರ ಕೆಳಗಿನ ಹೆಸರೂ ಇತ್ತು. "ದೇವರೇ, ನೀನೇ ನೋಡ್ಕೋ," ಎಂದು ಎಂಬತ್ತನ್ನು ಅಳಿಸಿ ಇಪ್ಪತ್ತು ಎಂದು ಬರೆದರು.

ಮೊದಲ ಚೆಂಡು ಹಿಡಿಯುವವನ ಕೈಗವಸಿಗೆ ಸಿಡಿಲಿನಂತೆ ಬಂದು ಬಿತ್ತು. ಎರಡನೆಯದು, ಮೂರನೆಯದು ಹಾಗೆಯೇ. ಮೂರೂ ತಪ್ಪಿದ ಎದುರಾಳಿ ಔಟಾಗಿ ಬ್ಯಾಟು ಹೊತ್ತುಕೊಂಡು ವಾಪಸು ಹೋದ. ತಕ್ಕಡಿಯವರು ಕುರ್ಚಿಯ ತುದಿಗೆ ಸರಿದರು. ಹೀಗೆಯೇ ಇನ್ನೊಬ್ಬನೂ ಹೋದ. ಮೂರನೆಯವನಿಗೆ ಎಸೆದ ಚೆಂಡು ಯಾರೂ ಇಲ್ಲದ ಕಡೆ ಹೋಯಿತು. ಮತ್ತೊಂದು ಎಸೆತ ಬೇಲಿಗೆ ಬಡಿಯಿತು. ನೋಡನೋಡುತ್ತ ಮೂರು ನೆಲೆಯೂ ತುಂಬಿತು.

"ಏನಾಗಿದೆಯೋ ನಿಂಗೆ? ಚಿನ್ನದಂಥ ಕೈ ಕೊಟ್ಟಿದ್ದಾನೆ ದೇವರು. ಒಂದು ದಿನ, ಒಂದೇ ಒಂದು ದಿನ ನೆಟ್ಟಗೆ ನಿಂತ್ಕೊಂಡು ಎಸೆಯೋಕೆ ಏನು ರೋಗ ನಿಂಗೆ?" ಅವರ ಧ್ವನಿ ಮಹಡಿಯ ಮೆಟ್ಟಿಲವರೆಗೂ ಹೋಯಿತು.

ಹೆಂಡತಿ ಬಟ್ಟೆಯ ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಈ ಕೋಣೆಗೆ ಕಸ ಗುಡಿಸಲು ಬಿಟ್ಟರೆ ಅವಳು ಬರುತ್ತಿರಲಿಲ್ಲ. ಈಗ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಇವನೇನಾ ಅವನು?"

"ಇವನೇ." ತಕ್ಕಡಿಯವರು ಆಟವನ್ನು ಅಲ್ಲಿಗೇ ತಡೆದು ನಿಲ್ಲಿಸಿ ಏದುಸಿರು ಬಿಡುತ್ತಿದ್ದರು. "ತೆಗೆದುಬಿಡ್ಲಾ? ಬೇರೆಯವನು ತಯಾರಿದ್ದಾನೆ. ಇಲ್ದಿದ್ರೆ ಸೋಲ್ತೀವಿ. ಸೋತ್ರೆ ಏನಾಗುತ್ತೆ ಗೊತ್ತಲ್ಲ ನಿಂಗೆ."

ಅವಳು ಒಂದು ಟವೆಲನ್ನು ಬಿಡಿಸಿ, ಕೊಡವಿ, ಮಡಚಿದಳು. ಅಂಚಿಗೆ ಅಂಚು ಕೂಡಿಸಿ ಇನ್ನೊಮ್ಮೆ ಮಡಚಿದಳು.

"ಇರ್ಲಿ ಬಿಡಿ," ಎಂದಳು. "ಇನ್ನೊಂದು ಸಲ ನೋಡೋಣ."

ಪರದೆಯ ಮೇಲೆ ಹುಡುಗ ಟೋಪಿ ತೆಗೆದು ತೋಳಿನಿಂದ ಹಣೆ ಒರೆಸಿಕೊಂಡ. ಆಮೇಲೆ ಟೋಪಿ ಹಾಕಿಕೊಂಡು, ಚೆಂಡನ್ನು ಎದೆಯ ಹತ್ತಿರ ಹಿಡಿದು, ಇವರು ಒತ್ತುವುದನ್ನೇ ಕಾಯುತ್ತ ನಿಂತ.